ಎತ್ತರ ಜಿಗಿತಕ್ಕೆ ಮೊದಲು ಮೆತ್ತನೆಯ ಹಾಸು ಬೇಕು

ಮಾನ್ಯ ಸಂಪಾದಕರೆ,

ಎತ್ತರ ಜಿಗಿತದ ಅಂತರರಾಷ್ಟ್ರೀಯ ಸ್ಪರ್ಧಿ ಸಹನಾ ಕುಮಾರಿ ಅವರ ಸಾಧನೆ ನಮ್ಮ ಭಾಗದ ಶಾಲಾ ಮಕ್ಕಳಿಗೆ ತಲುಪಬೇಕಾದಷ್ಟು ತಲುಪಿಲ್ಲ ಎಂಬ ಕೊರಗು ನನ್ನಲ್ಲಿ ಬಹಳ ದಿನಗಳಿಂದ ಇದೆ. ದಕ್ಷಿಣ ಕನ್ನಡದವರಾದ ಅವರು ಓಟಗಾರ ಬಿ.ಜಿ. ನಾಗರಾಜ್ ಅವರನ್ನು ಮದುವೆಯಾದ ಮೇಲೆ ಗೊಬ್ಬರಗುಂಪಿ ಎಂಬ ನವಲಗುಂದ ಸೀಮೆಯ ಊರಿನ ಹೆಸರೂ ಅವರ ಹೆಸರಿನೊಡನೆ ಸೇರಿಕೊಂಡಿತು. ಆ ಲೆಕ್ಕದಲ್ಲಿ ಅವರು ಈ ಭಾಗದ ಸೊಸೆಯೂ ಹೌದು.

ತಾಯಿಯಾದ ಬಳಿಕ ಮತ್ತೆ ಅಂಗಳಕ್ಕಿಳಿದ ಅವರು, ಮೂವತ್ತರ ವಯಸ್ಸಿನಲ್ಲಿ, 2012ರ ಜೂನ್‌ ತಿಂಗಳು ಹೈದರಾಬಾದಿನಲ್ಲಿ 1.92 ಮೀಟರ್ ಜಿಗಿದು ಬಾಬಿ ಅಲೋಷಿಯಸ್ ಅವರ 2004ರ 1.91 ಮೀಟರ್ ರಾಷ್ಟ್ರೀಯ ದಾಖಲೆಯನ್ನು ಮುರಿದು, ಲಂಡನ್ ಒಲಿಂಪಿಕ್ಸ್‌ಗೆ ಹೋದರು. ಒಂದೇ ಒಂದು ಸೆಂಟಿಮೀಟರ್ ಮೇಲೇರಲು ದೇಶಕ್ಕೆ ಎಂಟು ವರ್ಷ ಹಿಡಿದಿತ್ತು. ಲಂಡನ್ನಿನ ಅರ್ಹತಾ ಸುತ್ತಿನಲ್ಲಿ 1.80 ಮೀಟರಿಗೇ ಅವರ ಸ್ಪರ್ಧೆ ಮುಗಿಯಿತೆಂಬುದು ನಿಜ. ಆದರೆ ಮುಂದಿನ ಹತ್ತು ವರ್ಷಗಳಲ್ಲಿ ಭಾರತದ ಯಾವ ಮಹಿಳೆಯೂ ಆ 1.92 ಮೀಟರನ್ನು ದಾಟಲಿಲ್ಲ. ಅದೇ ವರ್ಷ ಅದೇ ನಗರದ ಪ್ಯಾರಾಲಿಂಪಿಕ್ಸ್‌ನಲ್ಲಿ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ 1.74 ಮೀಟರ್ ಜಿಗಿದು ಬೆಳ್ಳಿ ಗೆದ್ದರು. ಚಿನ್ನ ಗೆದ್ದ ಫಿಜಿಯ ಸ್ಪರ್ಧಿ ದಾಟಿದ್ದೂ ಅಷ್ಟೇ ಎತ್ತರವನ್ನು; ಪ್ರಯತ್ನಗಳ ಎಣಿಕೆಯಲ್ಲಷ್ಟೇ ಗಿರೀಶರಿಗೆ ಚಿನ್ನ ತಪ್ಪಿತು.

ಗದಗ, ಹಾವೇರಿ, ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಚಿಮ್ಮುವ ಕಾಲುಗಳಿಗೆ ಕೊರತೆಯಿಲ್ಲವೆಂಬುದನ್ನು ದೈಹಿಕ ಶಿಕ್ಷಕನಾಗಿ ನಾನು ಕಣ್ಣಾರೆ ಕಂಡಿದ್ದೇನೆ. ಕೊರತೆಯಿರುವುದು ಬೀಳುವ ಜಾಗಕ್ಕೆ. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಡಿಕ್ ಫಾಸ್ಬರಿ ಅಡ್ಡಕೋಲಿಗೆ ಬೆನ್ನು ಮಾಡಿ 2.24 ಮೀಟರ್ ದಾಟಿ ಚಿನ್ನ ಗೆದ್ದ ಮೇಲೆ ಜಗತ್ತೆಲ್ಲ ಆ ಶೈಲಿಗೆ ಹೊರಳಿತು. ಮರಳಿನ ಗುಂಡಿಯ ಜಾಗಕ್ಕೆ ದಪ್ಪನೆಯ ಫೋಮ್ ಹಾಸು ಬಂದದ್ದರಿಂದಲೇ ಅದು ಸಾಧ್ಯವಾಯಿತು. ಭುಜ ಮತ್ತು ಬೆನ್ನಿನ ಮೇಲೆ ಬೀಳಬೇಕಾದ ಈ ಜಿಗಿತವನ್ನು ಮರಳಿನ ಮೇಲೆ ಮಾಡಿಸಿದರೆ ಕುತ್ತಿಗೆಗೇ ಅಪಾಯ. ಹೀಗಾಗಿ ಹಾಸಿಲ್ಲದ ಶಾಲೆಗಳಲ್ಲಿ ಶಿಕ್ಷಕರು ಮಕ್ಕಳಿಗೆ ಕತ್ತರಿ ಜಿಗಿತವನ್ನಷ್ಟೇ (ಒಂದಾದ ಮೇಲೊಂದು ಕಾಲನ್ನು ಕೋಲಿನಾಚೆ ಎತ್ತಿ ಹಾಕಿ ಕಾಲ ಮೇಲೆಯೇ ಇಳಿಯುವ ಶೈಲಿ) ಕಲಿಸುತ್ತಾರೆ, ಅವರು ಮಾಡುವುದು ಸರಿಯಾಗಿಯೇ ಇದೆ. ಆದರೆ ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಕತ್ತರಿ ಜಿಗಿತವೇ ರೂಢಿಯಾದ ಹುಡುಗಿಗೆ ಬಾಗಿ ಓಡಿಬರುವ ದಾರಿ, ಕೊನೆಯ ಹೆಜ್ಜೆಗಳ ಲಯ, ಬೆನ್ನು ಕಮಾನಾಗಿಸುವ ಕ್ಷಣ ಎಲ್ಲವನ್ನೂ ಹೊಸದಾಗಿ ಕಲಿಯಬೇಕಾಗುತ್ತದೆ; ಅಷ್ಟರಲ್ಲಿ ಅಮೂಲ್ಯವಾದ ವರ್ಷಗಳು ಕಳೆದುಹೋಗಿರುತ್ತವೆ.

ಹರಿಯಾಣದ ಹಳ್ಳಿಯೊಂದರ ಪೂಜಾ, ಹುಲ್ಲು ತುಂಬಿದ ಚೀಲಗಳ ಮೇಲೆ ಬಿದ್ದು ಕಲಿತು, 2025ರ ಏಷ್ಯನ್ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್‌ನಲ್ಲಿ 1.89 ಮೀಟರ್ ಜಿಗಿದು ಚಿನ್ನ ಗೆದ್ದಿದ್ದಾರೆ. ಆ ಹುಡುಗಿಯ ಛಲಕ್ಕೂ ಅವರ ತರಬೇತುದಾರರ ಶ್ರಮಕ್ಕೂ ನಮಸ್ಕಾರ. ಆದರೆ ಅದನ್ನೇ ಮಾದರಿಯೆಂದು ತೋರಿಸಿ ಇಲಾಖೆಗಳು ಕೈತೊಳೆದುಕೊಳ್ಳಬಾರದು.

ಪ್ರತಿ ಶಾಲೆಗೂ ಹಾಸು ಕೊಡಿಸಿ ಎಂದು ನಾನು ಕೇಳುತ್ತಿಲ್ಲ. ತಾಲ್ಲೂಕಿಗೊಂದು ಮೈದಾನದಲ್ಲಿ ಸರಿಯಾದ ಹಾಸು, ಬಿಸಿಲು ಮಳೆಗೆ ಅದು ಹಾಳಾಗದಂತೆ ಹೊದಿಕೆ, ವಾರದಲ್ಲಿ ಗೊತ್ತಾದ ದಿನಗಳಂದು ಸುತ್ತಲಿನ ಶಾಲೆಗಳ ಮಕ್ಕಳು ಬಂದು ಕಲಿಯಲು ಬಸ್ಸಿನ ಖರ್ಚು, ಇಷ್ಟನ್ನು ಕ್ರೀಡಾ ಇಲಾಖೆ ಮತ್ತು ಶಿಕ್ಷಣ ಇಲಾಖೆ ಕೂಡಿ ಮಾಡಬಹುದು. ಮುಂದಿನ ವಲಯ ಮಟ್ಟದ ಕ್ರೀಡಾಕೂಟಗಳು ಆರಂಭವಾಗುವ ಮೊದಲೇ, ಈ ಮೂರು ಜಿಲ್ಲೆಗಳ ಯಾವ ಯಾವ ತಾಲ್ಲೂಕು ಮೈದಾನದಲ್ಲಿ ಬಳಸಲು ಯೋಗ್ಯವಾದ ಹಾಸು ಇದೆ, ಎಲ್ಲಿ ಇಲ್ಲ ಎಂಬುದನ್ನು ತಮ್ಮ ವರದಿಗಾರರಿಂದ ತಿಳಿದು ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ,
ನಿವೃತ್ತ ದೈಹಿಕ ಶಿಕ್ಷಕ, ಗದಗ