ಭೂ ಪರಿವರ್ತನೆಗೆ ಸಹಿ ಬೀಳುವ ಮುನ್ನ: ಮಂಡ್ಯ ಜಿಲ್ಲಾ ಉಸ್ತುವಾರಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಸವಿನಯ ವಂದನೆಗಳು. ನಾನು ಮದ್ದೂರು ತಾಲ್ಲೂಕಿನಲ್ಲಿ ಬೇಸಾಯ ಮಾಡಿಕೊಂಡಿರುವವನು. ನಮ್ಮ ಗದ್ದೆ, ಕೆರೆಗೆ ಬರುವ ನೀರು ಮತ್ತು ರಾತ್ರಿಯ ಕತ್ತಲು ಈ ಮೂರೂ ಒಂದೇ ಆದೇಶದಿಂದ ಕೈತಪ್ಪಿ ಹೋಗುತ್ತಿರುವುದನ್ನು ತಮ್ಮ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ. ಕರ್ನಾಟಕ ಭೂ ಕಂದಾಯ ಕಾಯ್ದೆ, 1964ರ 95ನೇ ಕಲಮಿನಡಿ ಹೊರಡುವ, ಕೃಷಿ ಜಮೀನನ್ನು ಬೇರೆ ಬಳಕೆಗೆ ಬಿಟ್ಟುಕೊಡುವ ಭೂ ಪರಿವರ್ತನೆಯ ಆದೇಶವೇ ಅದು.

2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳನ್ನು ಕೈಬಿಟ್ಟಿದ್ದರಿಂದ ಕೃಷಿಕರಲ್ಲದವರಿಗೂ ಜಮೀನು ಕೊಳ್ಳುವ ದಾರಿ ತೆರೆಯಿತು. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾಯಿತು. ಇವೆರಡೂ ಕೂಡಿದ ಮೇಲೆ ಹೆದ್ದಾರಿಯ ಆಸುಪಾಸಿನ ಗದ್ದೆಬಯಲಿನಲ್ಲಿ ಸೈಟಿನ ಕಲ್ಲುಗಳು ಏಳುತ್ತಿವೆ. ಸಾಲ ತೀರಿಸಲು ಜಮೀನು ಮಾರಿದ ರೈತರನ್ನು ನಾನು ದೂರಲಾರೆ, ಮನೆ ಕಟ್ಟಬೇಡಿ ಎಂದೂ ಹೇಳುತ್ತಿಲ್ಲ. ಆದರೆ ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನ, ಅಂದರೆ ನಾಲೆಯ ನೀರುಣ್ಣುವ ತರಿ ಜಮೀನನ್ನೂ ಮಳೆಯನ್ನೇ ನಂಬಿದ ಬೋರೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ನಾಲೆ ಇದೆಯೆಂಬ ಧೈರ್ಯದಿಂದ ಈ ಜಿಲ್ಲೆಯಲ್ಲಿ ಕೆರೆಗಳನ್ನು ಕಡೆಗಣಿಸಿದ್ದೇವೆ. 2023ರಲ್ಲಿ ಕನ್ನಂಬಾಡಿ ಕಟ್ಟೆ ತನ್ನ ಪೂರ್ಣ ಮಟ್ಟವಾದ 124.80 ಅಡಿಯನ್ನು ಮುಟ್ಟಲಿಲ್ಲ. ಅಂಥ ವರ್ಷದಲ್ಲಿ ಊರನ್ನು ಕಾಯಬೇಕಾದದ್ದು ಕೆರೆ. ಮೇಲಿನ ಕೆರೆ ಕೋಡಿ ಬಿದ್ದು, ಆ ನೀರು ಹಳ್ಳದಲ್ಲಿ ಹರಿದು ಕೆಳಗಿನ ಕೆರೆ ಸೇರುವ ಏರ್ಪಾಡು ನಮ್ಮ ಹಿರಿಯರದು. ಈಗ ಏರಿ ಮತ್ತು ತೂಬಿನ ದುರಸ್ತಿಗೆ ಹಣ ಬರುತ್ತದೆ, ಹೂಳೆತ್ತುವುದಕ್ಕೂ ಬರುತ್ತದೆ, ನೀರು ತರುವ ಹಳ್ಳವನ್ನು ಮಾತ್ರ ಯಾರೂ ಕೇಳುವುದಿಲ್ಲ. ನಮ್ಮೂರ ಹತ್ತಿರದ ಒಂದು ಬಡಾವಣೆಯಲ್ಲಿ, ಎತ್ತಿನ ಗಾಡಿ ಇಳಿದು ಹತ್ತುವಷ್ಟು ಅಗಲವಿದ್ದ ಹಳ್ಳಕ್ಕೆ ಮಣ್ಣು ತುಂಬಿ ರಸ್ತೆ ಮಾಡಿ, ಅಡಿಯಲ್ಲಿ ಒಂದೇ ಒಂದು ಸಿಮೆಂಟ್ ಪೈಪ್ ಹೂತಿದ್ದಾರೆ. ಜೋರು ಮಳೆಗೆ ತೆಂಗಿನ ಗರಿ, ಪ್ಲಾಸ್ಟಿಕ್ ಚೀಲ ಬಂದು ಪೈಪಿನ ಬಾಯಿಗೆ ಕಚ್ಚಿಕೊಂಡರೆ ನೀರು ಪಕ್ಕದ ತೋಟಕ್ಕೆ ನುಗ್ಗುತ್ತದೆ, ಕೆಳಗಿನ ಕೆರೆಗೆ ಹೋಗುವುದಿಲ್ಲ. ಕೆರೆಯಲ್ಲಿ ನೀರು ನಿಲ್ಲದಿದ್ದರೆ ಸುತ್ತಲಿನ ಕೊಳವೆ ಬಾವಿಗಳ ಅಂತರ್ಜಲಕ್ಕೆ ಆಸರೆ ಎಲ್ಲಿಯದು?

ನಮ್ಮ ತಾಲ್ಲೂಕಿನ ಕೊಕ್ಕರೆ ಬೆಳ್ಳೂರು 2007ರಲ್ಲಿ ಸಮುದಾಯ ಮೀಸಲು ಪ್ರದೇಶವೆಂದು ಘೋಷಣೆಯಾಯಿತು. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಅಲ್ಲಿ ಜನರ ಮನೆಯ ಪಕ್ಕದ ಮರಗಳಲ್ಲೇ ಗೂಡು ಕಟ್ಟಿ ಮರಿ ಮಾಡುತ್ತವೆ. ಊರಿನವರು ಮರಗಳನ್ನು ಉಳಿಸಿಕೊಟ್ಟಿದ್ದಾರೆ. ಆದರೆ ಮರಿಗಳಿಗೆ ಮೀನು ಸಿಗಬೇಕಾದದ್ದು ಶಿಂಷಾ ಹೊಳೆಯಲ್ಲಿ ಮತ್ತು ಸುತ್ತಲಿನ ಕೆರೆಗಳಲ್ಲಿ, ಅವು ಮೀಸಲು ಪ್ರದೇಶದ ಗಡಿಯ ಆಚೆಗೂ ಇವೆ.

ಇನ್ನು ಬೆಳಕು. ಇದನ್ನು ಯಾವ ಕಡತದಲ್ಲೂ ಹಾನಿಯೆಂದು ಬರೆಯುವುದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಒಂದೂ ಮನೆ ಏಳದ ಬಡಾವಣೆಗಳಲ್ಲಿ ಸಹ ಬಿಳಿ ಎಲ್‌ಇಡಿ ಹೈಮಾಸ್ಟ್ ದೀಪಗಳು ಬೆಳಗಿನವರೆಗೆ ಉರಿಯುತ್ತವೆ, ಅವುಗಳ ಬೆಳಕು ರಸ್ತೆ ದಾಟಿ ಗದ್ದೆಯೊಳಕ್ಕೆ ಚೆಲ್ಲುತ್ತದೆ. ಹಗಲು ಕಿರಿದಾಗುವುದನ್ನು ಗುರುತಿಸಿ ತೆನೆ ಬಿಡುವ ಭತ್ತದ ತಳಿಗಳಿಗೆ ಇರುಳಿನ ಬೆಳಕು ಬಿದ್ದರೆ ತೆನೆ ತಡವಾಗುತ್ತದೆ. ಕಾಂಡ ಕೊರಕದ ಪತಂಗ ಮತ್ತು ಕಂದು ಜಿಗಿಹುಳು ಬೆಳಕಿಗೆ ಮುತ್ತುವುದು ರೈತರಿಗೆಲ್ಲ ಗೊತ್ತು, ಕೃಷಿ ಇಲಾಖೆಯೇ ಅವಕ್ಕೆ ದೀಪದ ಬಲೆ ಇಡಲು ಹೇಳುತ್ತದೆ. ಮಿಂಚುಹುಳುಗಳು ತಮ್ಮ ಜೊತೆಯನ್ನು ಹುಡುಕುವುದು ಮಿನುಗಿನಿಂದಲೇ ಆದ್ದರಿಂದ ಇಂಥ ಬೆಳಕಿನಲ್ಲಿ ಅವುಗಳ ಸಂತತಿ ಕುಗ್ಗುತ್ತದೆ. ಆರಿದ್ರಾ, ಪುನರ್ವಸು ಎಂದು ನಕ್ಷತ್ರದ ಹೆಸರಲ್ಲಿ ಮಳೆಯನ್ನು ಎಣಿಸುವ ಊರಿನ ಮಕ್ಕಳಿಗೆ ಆ ನಕ್ಷತ್ರಗಳನ್ನು ತೋರಿಸಲು ನಮಗೆ ಆಕಾಶವೇ ಉಳಿಯುತ್ತಿಲ್ಲ. ಹೆಣ್ಣುಮಕ್ಕಳು ರಾತ್ರಿ ಬಸ್ಸಿಳಿದು ಬರುವ ದಾರಿಗೆ ದೀಪ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಬೆಳಕು ನೆಲಕ್ಕಷ್ಟೇ ಬೀಳುವಂತೆ ಮುಚ್ಚಳವಿರುವ, 3000 ಕೆಲ್ವಿನ್ ಮೀರದ ಹಳದಿ ಛಾಯೆಯ ದೀಪ ಆ ದಾರಿಗೆ ಸಾಕು. ಕಣ್ಣು ಕೋರೈಸದ ಕಾರಣ ದಾರಿಯೂ ಚೆನ್ನಾಗಿ ಕಾಣುತ್ತದೆ. ಲದ್ದಾಖ್‌ನ ಹಾನ್ಲೆಯಲ್ಲಿ ಇರುಳಿನ ಆಕಾಶಕ್ಕೆಂದೇ ಮೀಸಲು ಪ್ರದೇಶವನ್ನು ಗುರುತಿಸಿ ಊರಿನ ದೀಪಗಳಿಗೆ ನಿಯಮ ಮಾಡಿದ್ದಾರೆ. ನಮಗೆ ಅಷ್ಟು ದೊಡ್ಡ ಯೋಜನೆ ಬೇಡ.

ತಾವು ಅಧ್ಯಕ್ಷತೆ ವಹಿಸುವ ಮುಂದಿನ ಕೆಡಿಪಿ (ಜಿಲ್ಲೆಯ ಅಭಿವೃದ್ಧಿ ಕೆಲಸಗಳ ಪ್ರಗತಿ ಪರಿಶೀಲನಾ) ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತರಬೇಕೆಂದು ಕೋರುತ್ತೇನೆ. ಅಚ್ಚುಕಟ್ಟಿನ ತರಿ ಜಮೀನನ್ನು ಪರಿವರ್ತನೆಯಿಂದ ಹೊರಗಿಡುವಂತೆ, ಉಳಿದೆಡೆ ಸರ್ವೆ ನಕ್ಷೆಯಲ್ಲಿರುವ ಹಳ್ಳವನ್ನು ಅದರ ಪೂರ್ತಿ ಅಗಲಕ್ಕೆ ಬಿಟ್ಟು ಮೋರಿ ಕಟ್ಟಿದ ಬಳಿಕವಷ್ಟೇ ಬಡಾವಣೆಗೆ ಅಂತಿಮ ಒಪ್ಪಿಗೆ ಕೊಡುವಂತೆ, ಮುಚ್ಚಳವಿರುವ ಹಳದಿ ಛಾಯೆಯ ದೀಪವನ್ನೇ ಹಾಕಬೇಕೆಂಬ ಷರತ್ತನ್ನು ಪರಿವರ್ತನೆಯ ಆದೇಶದಲ್ಲೇ ಸೇರಿಸುವಂತೆ ಅಧಿಕಾರಿಗಳಿಗೆ ಸೂಚಿಸಬೇಕು. ಈಗಾಗಲೇ ಮುಚ್ಚಿಹೋಗಿರುವ ಹಳ್ಳಗಳನ್ನು ಕಂದಾಯ ಮತ್ತು ಸಣ್ಣ ನೀರಾವರಿ ಇಲಾಖೆಗಳು ಒಟ್ಟಾಗಿ ಸ್ಥಳ ಪರಿಶೀಲನೆ ಮಾಡಿ, ಆ ಪಟ್ಟಿಯನ್ನು ಆಯಾ ಗ್ರಾಮಸಭೆಯಲ್ಲಿ ಓದಿ ಹೇಳಲಿ. ಮುಂಗಾರು ಹಿಡಿಯುವ ಮೊದಲೇ ಈ ಪರಿಶೀಲನೆ ಆದರೆ ಈ ವರ್ಷದ ನೀರಾದರೂ ಕೆರೆ ಸೇರುತ್ತದೆ.

ಗೌರವಪೂರ್ವಕವಾಗಿ,
ಮದ್ದೂರು ತಾಲ್ಲೂಕಿನ ಒಬ್ಬ ರೈತ