ಕಾರಿನ ಮೇಲೊಂದು ದೊಡ್ಡ ಟೆಂಟ್: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ನಿಮ್ಮ ಮನೆಯ ನಾಲ್ಕೂ ಜನ ಒಟ್ಟಿಗೆ ಮಲಗುವಂಥ ದೊಡ್ಡ ರೂಫ್‌ಟಾಪ್ ಟೆಂಟ್, ಅಂದರೆ ಕಾರಿನ ಚಾವಣಿ ಮೇಲೆ ಕೂರಿಸಿ, ಕಾರು ನಿಲ್ಲಿಸಿದಾಗ ಬಿಚ್ಚಿ ಮಲಗುವ ಟೆಂಟ್, ಯಾವುದು ಅಂತ ಕೇಳಿದ್ದೀಯ. ಟೆಂಟ್ ನೋಡುವ ಮೊದಲು ಕಾರಿನ ಜೊತೆ ಬಂದ ಪುಸ್ತಕ ತೆಗೆ. ಚಾವಣಿ ಮೇಲೆ ಎಷ್ಟು ಭಾರ ಹೇರಬಹುದು ಅಂತ ಅದರಲ್ಲಿ ಬರೆದಿರುತ್ತಾರೆ. ಅದನ್ನು ಓದದೆ ಮುಂಗಡ ಕೊಡಬೇಡ.

ಎಷ್ಟೋ ಕಾರುಗಳಿಗೆ ಅದು 75 ಕೆ.ಜಿ. ಆಸುಪಾಸು ಇರುತ್ತದೆ. ಕೆಲವಕ್ಕೆ ಇನ್ನೂ ಕಡಿಮೆ, ದೊಡ್ಡ ಗಾಡಿಗಳಿಗೆ 100 ಕೆ.ಜಿ. ಇರುವುದೂ ಉಂಟು. ಟೆಂಟಿನ ಭಾರದ ಜೊತೆಗೆ ಅದನ್ನು ಕೂರಿಸುವ ಅಡ್ಡಪಟ್ಟಿಗಳ ಭಾರವನ್ನೂ ಇದರಲ್ಲೇ ಲೆಕ್ಕ ಹಾಕಬೇಕು. ಪಟ್ಟಿಗಳಿಗೂ ಅವುಗಳದ್ದೇ ಮಿತಿ ಇದೆ. ಎರಡರಲ್ಲಿ ಯಾವುದು ಕಡಿಮೆಯೋ ಅದೇ ನಿನ್ನ ಮಿತಿ. ಕುಟುಂಬಕ್ಕೆ ಅಂತ ಮಾಡಿದ ದೊಡ್ಡ ಟೆಂಟುಗಳು 70, 80, 90 ಕೆ.ಜಿ. ತೂಗುತ್ತವೆ. ಆಸೆಪಟ್ಟ ಟೆಂಟನ್ನು ಕೈಬಿಡಬೇಕಾಗುವುದು ಹೆಚ್ಚಾಗಿ ಇಲ್ಲೇ.

ಅಷ್ಟೇ ಭಾರ ತಡೆಯುವ ಚಾವಣಿ ನಾಲ್ಕು ಜನರನ್ನು ಹೇಗೆ ಹೊರುತ್ತೆ ಅಂತ ಅನುಮಾನ ಬರುತ್ತೆ ಅಲ್ವಾ? ಆ ಅಂಕಿ ಓಡುವ ಕಾರಿನದ್ದು. ಬ್ರೇಕ್ ಹಾಕಿದಾಗ, ತಿರುವಿನಲ್ಲಿ, ಗುಂಡಿಗೆ ಇಳಿದಾಗ ಮೇಲಿನ ಭಾರ ಕಾರನ್ನು ಅತ್ತಿತ್ತ ಜಗ್ಗುತ್ತದೆ. ನಿಂತ ಕಾರಿನಲ್ಲಿ ಭಾರ ನೇರ ಕೆಳಕ್ಕೆ ಇಳಿಯುತ್ತದೆ. ಹಾಗಾಗಿ ನಿಂತಾಗ ಚಾವಣಿ ಇದರ ಹಲವು ಪಟ್ಟು ಹೊರುತ್ತದೆ. ಮಡಚಿ ಬಿಚ್ಚುವ ಟೆಂಟಿನಲ್ಲಿ ಅರ್ಧ ಭಾಗ ಚಾವಣಿಯಿಂದ ಹೊರಗೆ ಚಾಚಿರುತ್ತದೆ, ಅದಕ್ಕೆ ಏಣಿಯ ಆಸರೆಯೂ ಸಿಗುತ್ತದೆ.

ಇನ್ನು ಅಗಲ. ಲೇಬಲ್ ಮೇಲೆ ‘ನಾಲ್ಕು ಜನರಿಗೆ’ ಅಂತ ಇದ್ದರೆ ಅದನ್ನೇ ನಂಬಬೇಡ, ಟೇಪು ಹಿಡಿ. ದೊಡ್ಡವರೊಬ್ಬರು ಮೈ ಚಾಚಿ ಮಲಗಲು 60 ಸೆಂ.ಮೀ. ಆದರೂ ಬೇಕು. ನಾಲ್ಕು ಜನರದ್ದು ಎನ್ನುವ ಎಷ್ಟೋ ಟೆಂಟುಗಳ ಅಗಲ 180, 190 ಸೆಂ.ಮೀ. ಮಾತ್ರ. ನೀವಿಬ್ಬರು ಮಲಗಿದ ಮೇಲೆ ಇಬ್ಬರು ಮಕ್ಕಳಿಗೆ ಉಳಿಯುವುದು 60, 70 ಸೆಂ.ಮೀ. ಪುಟ್ಟಿಗೆ ಈಗ ಸಾಕಾಗಬಹುದು. ದೊಡ್ಡವನು ನಿದ್ದೆಯಲ್ಲಿ ಹೊರಳಾಡುವ ಹುಡುಗ, ಇನ್ನೆರಡು ವರ್ಷಕ್ಕೆ ನಿನ್ನ ಭುಜದೆತ್ತರ ಬೆಳೆಯುತ್ತಾನೆ. ಅಂಗಡಿಯಲ್ಲಿ ಟೆಂಟ್ ಬಿಚ್ಚಿಸಿ ನಾಲ್ಕೂ ಜನ ಒಮ್ಮೆ ಮಲಗಿ ನೋಡಿ. ಯಾರು ಏನಂದುಕೊಂಡರೂ ಪರವಾಗಿಲ್ಲ.

ಗಟ್ಟಿ ಚಿಪ್ಪಿನ, ಅಂದರೆ ಪೆಟ್ಟಿಗೆಯಂಥ ಹೊರಕವಚದ ಟೆಂಟುಗಳು ಚಕ್ಕಂತ ತೆರೆದುಕೊಳ್ಳುತ್ತವೆ, ನಿಜ. ಆದರೆ ನೇರ ಮೇಲೇಳುವ ಮಾದರಿಯಲ್ಲಿ ಹಾಸಿಗೆ ಚಾವಣಿಯಷ್ಟೇ ಅಗಲ, ಇಬ್ಬರಿಗೆ ಸರಿ. ನಾಲ್ಕು ಜನಕ್ಕೆ ನನ್ನ ಮತ ಬಟ್ಟೆಯ, ಮಡಚುವ ಟೆಂಟಿಗೇ. ಬಟ್ಟೆ ಹತ್ತಿ ಬೆರೆತ ಕ್ಯಾನ್ವಾಸ್ ಇರಲಿ. ಭಾರ ಸ್ವಲ್ಪ ಜಾಸ್ತಿ, ಆದರೆ ಗಾಳಿಯಾಡುತ್ತದೆ. ನಾಲ್ಕು ಜನರ ಉಸಿರಿಗೆ ಬೆಳಗಾಗುವಷ್ಟರಲ್ಲಿ ಒಳಗೋಡೆಯಲ್ಲಿ ಹನಿ ಕಟ್ಟುತ್ತದೆ, ಹಾಸಿಗೆಯ ಅಡಿಯೂ ತೇವವಾಗುತ್ತದೆ. ಚಳಿಯಿದ್ದರೂ ಎದುರುಬದುರಿನ ಎರಡು ಕಿಟಕಿ ಒಂದಿಷ್ಟು ತೆರೆದಿರಲಿ. ಹಾಸಿಗೆಯ ಕೆಳಗೆ ಹಾಸಲು ಜಾಳಿಗೆಯಂಥ ದಪ್ಪ ಚಾಪೆ ಸಿಗುತ್ತದೆ, ತಗೋ. ಎಷ್ಟೇ ಚಳಿಯಾದರೂ ಒಳಗೆ ಒಲೆ, ಕೆಂಡ ಮಾತ್ರ ಬೇಡವೇ ಬೇಡ. ಅವುಗಳಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯೇ ಇಲ್ಲ. ನಿದ್ದೆಯಲ್ಲೇ ಜೀವ ಹೋಗುತ್ತದೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಏಣಿಯದ್ದು. ನಡುರಾತ್ರಿ ಪುಟ್ಟಿ ಒಂದಕ್ಕೆ ಹೋಗಬೇಕು ಅಂತ ಏಳುತ್ತಾಳೆ. ಅರೆನಿದ್ದೆ, ಬರಿಗಾಲು, ಮೆಟ್ಟಿಲ ಮೇಲೆ ಇಬ್ಬನಿ. ಮೆಟ್ಟಿಲು ದುಂಡಗಿನ ಕೊಳವೆಯಾದರೆ ಅಂಗಾಲಿಗೆ ಒತ್ತುತ್ತದೆ, ಜಾರುತ್ತದೆ. ಪಟ್ಟಿಯಂತೆ ಚಪ್ಪಟೆಯಾಗಿ, ಮೇಲ್ಮೈ ಒರಟಾಗಿರುವ ಮೆಟ್ಟಿಲೇ ಬೇಕು ಅಂತ ಹಟ ಹಿಡಿ. ಏಣಿ ನೆಟ್ಟಗೆ ನಿಲ್ಲದೆ ತುಸು ಓರೆಯಾಗಿರಬೇಕು, ಪ್ರತಿ ಕೀಲೂ ಕಟ್ ಅಂತ ಕೂತಿದೆಯಾ ಕೈಯಲ್ಲೇ ಮುಟ್ಟಿ ನೋಡಬೇಕು. ಮೊದಲು ನೀನಿಳಿ, ಆಮೇಲೆ ಅವಳು ಏಣಿಗೆ ಮುಖ ಮಾಡಿ ಇಳಿಯಲಿ. ಅವಳು ಬಾಗಿಲ ಕಡೆ ಮಲಗುವುದೂ ಬೇಡ. ಸೊಳ್ಳೆಪರದೆಯ ಜಿಪ್ಪನ್ನು ತಡೆಗೋಡೆ ಅಂದುಕೊಳ್ಳಬೇಡ.

ಲೆಕ್ಕ ಹಾಕಿದಾಗ ನಿನ್ನ ಚಾವಣಿಗೆ ಈ ಭಾರ ಜಾಸ್ತಿ ಅನಿಸಿದರೆ ಸುಮ್ನೆ ಒತ್ತಾಯ ಮಾಡಬೇಡ. ಮೇಲೆ ಇಬ್ಬರ ಚಿಕ್ಕ ಟೆಂಟ್, ಪಕ್ಕದಲ್ಲಿ ನೆಲದ ಮೇಲೊಂದು ಟೆಂಟ್ ಹಾಕಿಬಿಡು. ನೀನೂ ದೊಡ್ಡವನೂ ಕೆಳಗೆ, ಪುಟ್ಟಿಯೂ ಅವಳಮ್ಮನೂ ಮೇಲೆ. ಮಕ್ಕಳು ಬೆಳೆಯುವ ಮನೆಗೆ ನನಗೆ ಇದೇ ಹೆಚ್ಚು ಹಿಡಿಸುತ್ತದೆ.

ಟೆಂಟ್ ಹಾಕಿಸಿದ ಮೇಲೆ ಕಾರಿನ ಒಟ್ಟು ಎತ್ತರ ಅಳೆದು, ಸ್ಟಿಯರಿಂಗ್ ಹತ್ತಿರ ಚೀಟಿ ಅಂಟಿಸಿಕೋ. ತಗ್ಗು ಕಮಾನು, ನೆಲಮಾಳಿಗೆಯ ಪಾರ್ಕಿಂಗ್ ಎದುರಾದಾಗ ಬೇಕಾಗುತ್ತದೆ. ಸ್ವಲ್ಪ ದೂರ ಓಡಿಸಿದ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡು, ಸಡಿಲಾಗಿರಬಹುದು. ಮಳೆಯಲ್ಲಿ ಒದ್ದೆಯಾಗಿ ಮಡಚಿದ್ದರೆ ಮನೆಗೆ ಬಂದ ದಿನವೇ ಬಿಚ್ಚಿ ಒಣಗಿಸು. ಕ್ಯಾನ್ವಾಸಿಗೆ ಬೂಷ್ಟು ಹತ್ತಿದರೆ ಕಲೆ ಪೂರ್ತಿ ಹೋಗುವುದಿಲ್ಲ.

ಮೇಲೆ ಎತ್ತಿ ಕೂರಿಸುವುದು ಇಬ್ಬರಿಗೂ ಕಷ್ಟದ ಕೆಲಸ ಕಣೋ, ನಾಲ್ಕು ಜನ ಇದ್ದರೆ ಒಳ್ಳೇದು. ದಿನ ಹೇಳು, ಬಂದು ಕೈ ಹಾಕುತ್ತೇನೆ.

ನಿನ್ನವ