ಇಂಗ್ಲೆಂಡಿನಲ್ಲಿ ಮನೆ ಬಾಡಿಗೆಗೆ ಕೊಟ್ಟವರೇ, ಗ್ಯಾಸ್ ಚೆಕ್ ಮರೆಯಬೇಡಿ
ಎಲ್ಲರಿಗೂ ನಮಸ್ಕಾರ. ಬಾಡಿಗೆ ಮನೆಯಲ್ಲಿ ನೀವು ಕೊಟ್ಟಿರುವ ಬಾಯ್ಲರ್, ಗ್ಯಾಸ್ ಒಲೆ, ಹೊಗೆ ಹೊರಹೋಗುವ ಕೊಳವೆ ಎಲ್ಲವನ್ನೂ 12 ತಿಂಗಳಿಗೊಮ್ಮೆ ಚೆಕ್ ಮಾಡಿಸಲೇಬೇಕು, ಅದೂ ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿರುವ (ಗ್ಯಾಸ್ ಕೆಲಸ ಮಾಡಲು ಅನುಮತಿ ಇರುವವರ ಅಧಿಕೃತ ಪಟ್ಟಿ) ಎಂಜಿನಿಯರ್ ಕೈಯಲ್ಲೇ. 1998ರಿಂದ ಇರುವ ಕಾನೂನು ಇದು. ಗಡುವಿಗೆ 2 ತಿಂಗಳು ಮುಂಚೆ ಮಾಡಿಸಿದರೂ ಮುಂದಿನ ವರ್ಷದ ತಾರೀಖು ಬದಲಾಗಲ್ಲ, ಹಾಗಾಗಿ ಸುಮ್ನೆ ಕೊನೆ ವಾರದವರೆಗೆ ಕಾಯಬೇಡಿ. ಬಂದವರ ಐಡಿ ಕಾರ್ಡ್ ತಿರುಗಿಸಿ ನೋಡಿ, ಯಾವ್ಯಾವ ಕೆಲಸ ಮಾಡಬಹುದು ಅಂತ ಹಿಂದುಗಡೆ ಬರೆದಿರುತ್ತದೆ. ಚೆಕ್ ರಿಪೋರ್ಟಿನ ಕಾಪಿಯನ್ನು ಈಗಿರುವ ಬಾಡಿಗೆದಾರರಿಗೆ ಚೆಕ್ ಆದ 28 ದಿನದೊಳಗೆ, ಹೊಸಬರಿಗಾದರೆ ಮನೆಗೆ ಬರುವ ಮುಂಚೆಯೇ ಕೊಡಿ. ಒಲೆಯ ಉರಿ ನೀಲಿ ಬಿಟ್ಟು ಹಳದಿಯಾಗಿ ತೂಗಾಡುತ್ತಿದೆ ಅಂತ ಅವರು ಹೇಳಿದರೆ ಚೆಕ್ ದಿನದವರೆಗೆ ಬಿಡಬೇಡಿ, ಒಲೆ ಆರಿಸಲು ಹೇಳಿ, ತಕ್ಷಣ ಎಂಜಿನಿಯರ್‌ನ ಕರೆಸಿ. ಅಂಥ ಉರಿಯಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಬರುತ್ತಿರಬಹುದು, ಅದಕ್ಕೆ ವಾಸನೆಯೇ ಇಲ್ಲ, ಮಲಗಿದವರಿಗೆ ಗೊತ್ತೇ ಆಗಲ್ಲ ಅಲ್ವಾ? ಗ್ಯಾಸ್ ವಾಸನೆ ಬಂದರೆ ಗ್ಯಾಸ್ ತುರ್ತು ಸೇವೆಯ 0800 111 999ಕ್ಕೆ ಫೋನ್ ಮಾಡಬೇಕು, ಈ ನಂಬರನ್ನು ಬಾಡಿಗೆದಾರರಿಗೂ ಕೊಟ್ಟಿರಿ.